ವೆಝೇರ್ ಹೊಳೆ ಪಕ್ಕ ಒಂದು ಟೆಂಟು

ಫ್ರಾನ್ಸ್ ಅಂದ್ರೆ ಐಫೆಲ್ ಟವರ್ ಫೋಟೋ ಅಂದ್ಕೊಂಡಿದ್ರೆ ಕ್ಷಮಿಸಿ, ನಾವು ಪ್ಯಾರಿಸ್ಸಿಗೆ ಕಾಲೇ ಇಡ್ಲಿಲ್ಲ :) ನಾನು, ನನ್ನವಳು, ಹಳೇ ಕಾರು, ಒಂದು ಟೆಂಟು. ಐಂಡ್‌ಹೋವನ್‌ನಿಂದ ಹೊರಟು ನೈಋತ್ಯ ಫ್ರಾನ್ಸಿನ ದೋರ್ದೋನ್ ಸೀಮೆಯಲ್ಲಿ 10 ದಿನ. ಅಲ್ಲಿ ಎಷ್ಟೋ ಪುಟ್ಟ ಊರುಗಳಲ್ಲಿ ಮುನಿಸಿಪಾಲಿಟಿಯವರೇ ಕ್ಯಾಂಪಿಂಗ್ ಜಾಗ ನಡೆಸ್ತಾರೆ. ಹುಲ್ಲು, ಬಿಸಿನೀರು, ಪಕ್ಕದಲ್ಲೇ ಹೊಳೆ. ಜುಲೈನಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕು ಮಾರಾಯ್ರೆ! ಪುಟ್ಟ ಗ್ಯಾಸ್ ಸ್ಟೋವ್ ಮೇಲೆ ಬಿಸಿಬೇಳೆಬಾತ್ ಪ್ಯಾಕೆಟ್, ನಂಚಿಕೊಳ್ಳೋಕೆ ಬಗೆಟ್... ನಗಬೇಡಿ, ಚೆನ್ನಾಗೇ ಇರುತ್ತೆ.

ಮೋಂಟಿನ್ಯಾಕ್ ಹತ್ರ ಲಾಸ್ಕೋ ಗುಹೆ. 1940ರಲ್ಲಿ ಊರ ಹುಡುಗರ ಕಣ್ಣಿಗೆ ಬಿದ್ದಿದ್ದು. ನೋಡೋಕೆ ಬಂದವರ ಉಸಿರಿಗೇ ಚಿತ್ರಗಳು ಹಾಳಾಗ್ತಿವೆ ಅಂತ 1963ರಲ್ಲಿ ಮುಚ್ಚಿದ್ರು. ನಾವು ನೋಡಿದ್ದು 2016ರಲ್ಲಿ ತೆರೆದ ಪ್ರತಿಕೃತಿ. ಪ್ರತಿಕೃತಿಯಾದ್ರೂ ಆ ಗೂಳಿಗಳ ಮುಂದೆ ಇಬ್ರೂ ಮಾತೇ ಆಡ್ಲಿಲ್ಲ.

ಆಡಬೇಕಾದ ಮಾತು ಬೇರೆ ಇತ್ತು. ಇವಳಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿದೆ, ಶಿವಮೊಗ್ಗದಲ್ಲಿ ಅತ್ತೆ ಒಬ್ರೇ ಇದಾರೆ. ಆರನೇ ರಾತ್ರಿ ಮಳೆ. ಟೆಂಟ್ ಬಟ್ಟೆ ಮುಟ್ಟಿದ್ರೆ ನೀರು ಇಳಿಯುತ್ತೆ ಅಂತ ಮಧ್ಯಕ್ಕೆ ಒತ್ತರಿಸಿಕೊಂಡು ಕೂತಿದ್ವಿ.

"ಒಂದು ವರ್ಷ ಹೋಗ್ಬರ್ತೀನಿ ಕಣೋ" ಅಂದ್ಲು.

"ಹೂಂ" ಅಂದೆ. ಬೇರೇನೂ ಹೊಳೀಲಿಲ್ಲ.

ಬೆಳಗ್ಗೆ ಸೋಮವಾರ, ಬೇಕರಿ ಬಾಗಿಲು ಹಾಕಿತ್ತು. ಪಾರ್ಲೆ-ಜಿ ಅದ್ದಿಕೊಂಡು ಕಾಫಿ ಕುಡಿದ್ವಿ. ಮುಂದಿನ ಊರಿಗೆ ಹೋಗೋ ಪ್ಲಾನ್ ಬಿಟ್ಟು, ಉಳಿದ ನಾಲ್ಕು ದಿನ ಅಲ್ಲೇ ಇದ್ವಿ.