ನಾಲ್ಕು ಊರು, ಒಂದು ಗಣಕ

ಚಿತ್ರದುರ್ಗಕ್ಕೆ ಬರುವ ಪ್ರವಾಸಿಗರು ಏಳು ಸುತ್ತಿನ ಕೋಟೆಯನ್ನು ಹತ್ತಿ, ಓಬವ್ವನ ಕಿಂಡಿಯಲ್ಲಿ ಒಮ್ಮೆ ಇಣುಕಿ, ಚಂದ್ರವಳ್ಳಿಯ ಕೆರೆಯ ದಡದಲ್ಲಿ ಬುತ್ತಿ ಬಿಚ್ಚಿ ಉಂಡು, ಸಂಜೆಯ ಬಸ್ಸಿಗೆ ಹಿಂದಿರುಗುವುದು ವಾಡಿಕೆ. ಕೋಟೆಯ ತುದಿಯಲ್ಲಿ ದಕ್ಷಿಣಕ್ಕೆ ಮೊಗಮಾಡಿ ನಿಂತು ಸಾವಕಾಶವಾಗಿ ಕಣ್ಣು ಹಾಯಿಸುವವರು ವಿರಳ. ಹಾಯಿಸಿದವರಿಗೆ ಜೋಗಿಮಟ್ಟಿಯಿಂದ ಹೊರಟು ಮಾರಿಕಣಿವೆಯ ದಿಕ್ಕಿಗೆ ಸಾಗುವ ಬೆಟ್ಟಸಾಲು ಕಾಣುತ್ತದೆ. ಈ ಸಾಲಿನ ಮೂಡಲಿಗೆ ಹಿರಿಯೂರು; ಪಡುವಲಿಗೆ ಹೊಳಲ್ಕೆರೆ, ಹೊಸದುರ್ಗಗಳು. ಒಂದೇ ಜಿಲ್ಲೆಯ ಊರುಗಳಾದರೂ ನಡುವೆ ಬೆಟ್ಟದ ಬೆನ್ನು ಅಡ್ಡವಾಗಿ ಮಲಗಿದೆ.

ಈ ನಾಲ್ಕು ಊರುಗಳನ್ನು ಒಂದೇ ದಿನದಲ್ಲಿ ಸುತ್ತಿಬರುವ ಯೋಗ ಸಂಕ್ರಾಂತಿ ಕಳೆದ ವಾರದಲ್ಲಿ ನನಗೆ ಒದಗಿತು. ನನ್ನ ಸಹೋದ್ಯೋಗಿಗಳಾದ ಭೌತಶಾಸ್ತ್ರದ ಮೇಷ್ಟ್ರು ಹವ್ಯಾಸಿ ರೇಡಿಯೋ ಪರವಾನೆ ಪಡೆದವರು. ಅವರ ಮನೆಯ ಅಟ್ಟದಲ್ಲಿ ಒಂದು ಹಳೆಯ ಗಣಕಯಂತ್ರವಿದೆ. ಅದನ್ನು ದೂರವಾಣಿಯ ತಂತಿಯಿಲ್ಲದೆ, ಮೊಬೈಲ್ ಕಂಪನಿಯ ಹಂಗಿಲ್ಲದೆ, ಬರಿಯ ಗಾಳಿಯ ಮೂಲಕ ಬೇರೆ ಊರುಗಳಿಂದ ಮಾತನಾಡಿಸಬೇಕೆಂಬುದು ಅವರ ಹಟ. ಅಧ್ಯಾಪಕರು ಇಂಥ ಹುಚ್ಚಿಗೆ ಬೀಳುವುದು ನಮ್ಮ ಸೀಮೆಗೆ ಹೊಸತಲ್ಲ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಆ ಮನೆಯ ನಿಲಯಕ್ಕೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ದೇಶದ್ದಾಯಿತು.

“ನಿಮ್ಮ ಯಂತ್ರಕ್ಕೆ ಕನ್ನಡ ಬರುತ್ತದೆಯೇ?” ಎಂದು ನಾನು ಕೇಳಿದೆ. ಕನ್ನಡ ಎಂ.ಎ. ಓದಿದವನು ಬೇರೇನು ಕೇಳಿಯಾನು!

“ಬನ್ನಿ ಸ್ವಾಮಿ, ನೀವೇ ನೋಡುವಿರಂತೆ,” ಎಂದರು ಮೇಷ್ಟ್ರು.

ಯಂತ್ರದ ಕುಲಗೋತ್ರವನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಗಣಕವು ಕೋಣೆ ತುಂಬುವಷ್ಟು ದೊಡ್ಡದೂ ಕುಬೇರನೇ ಕೊಳ್ಳಬೇಕಾದಷ್ಟು ದುಬಾರಿಯೂ ಆಗಿದ್ದ ಕಾಲದಲ್ಲಿ, ಒಂದನ್ನೇ ಹಲವರು ಹಂಚಿಕೊಂಡು ಬಳಸುವ ಉಪಾಯವೊಂದು ಹುಟ್ಟಿತು. ಅಮೆರಿಕದ ಎಂ.ಐ.ಟಿ.ಯಲ್ಲಿ ಫರ್ನಾಂಡೋ ಕೊರ್ಬಾಟೋ ಅದನ್ನು 1961ರಲ್ಲಿ ಮಾಡಿ ತೋರಿಸಿದರು. ನಮ್ಮ ಕೆರೆಗಳ ನೀರುಗಂಟಿಯನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾದೀತು. ಕೆರೆ ಒಂದೇ, ಗದ್ದೆಗಳು ಹಲವು. ನೀರುಗಂಟಿ ಇವನಿಗೆ ಇಷ್ಟು ಹೊತ್ತು, ಅವನಿಗೆ ಅಷ್ಟು ಹೊತ್ತು ಎಂದು ನೀರು ತಿರುಗಿಸುತ್ತಾನೆ. ಗಣಕದೊಳಗಿನ ನೀರುಗಂಟಿ ಸರದಿಯನ್ನು ಕ್ಷಣದ ಸಣ್ಣ ಸಣ್ಣ ಭಾಗಗಳಲ್ಲಿ ತಿರುಗಿಸುವುದರಿಂದ, ಕೀಲಿಮಣೆಯ ಮುಂದೆ ಕುಳಿತ ಪ್ರತಿಯೊಬ್ಬನಿಗೂ ಇಡೀ ಯಂತ್ರ ತನ್ನೊಬ್ಬನದೇ ಎಂಬ ಭ್ರಮೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1980ರ ದಶಕದಲ್ಲಿ ಈ ಬಗೆಯ ‘ಡೆಕ್-10’ ಕುಲದ ಯಂತ್ರವಿತ್ತು. ಅಂಥವು ಇಂದು ಕೆಲಸದಲ್ಲಿಲ್ಲ. ಆದರೆ ಅವುಗಳೊಳಗೆ ಓಡುತ್ತಿದ್ದ ಆಜ್ಞಾವಳಿಗಳನ್ನು ಹವ್ಯಾಸಿಗಳು ಹಳೆಯ ಟೇಪುಗಳಿಂದ ಉಳಿಸಿಕೊಂಡಿದ್ದಾರೆ. ಬಾಬ್ ಸಪ್ನಿಕ್ ಎಂಬವರು ಮೊದಲಿಟ್ಟ ‘ಸಿಮ್‌ಎಚ್’ ಎಂಬ ತಂತ್ರಾಂಶ ಅಂಗೈಯಗಲದ ಹೊಸ ಹಲಗೆಯೊಂದಕ್ಕೆ ಆ ಹಳೆಯ ಯಂತ್ರದ ವೇಷ ಹಾಕಿಸುತ್ತದೆ. ಮೇಷ್ಟ್ರ ಅಟ್ಟದಲ್ಲಿರುವುದು ಈ ವೇಷಧಾರಿ. ಅಸಲಿಯೇ ಬೇಕೆನ್ನುವ ಮಡಿವಂತರು ಇದನ್ನು ಒಪ್ಪಲಾರರು. ಒಪ್ಪದಿದ್ದರೆ ಅಸಲಿಯ ವಿದ್ಯುತ್ ಬಿಲ್ಲನ್ನು ಅವರೇ ಕಟ್ಟಲಿ.

ಇನ್ನು ಗಾಳಿಯ ದಾರಿ. ಗಣಕದಿಂದ ಹೊರಡುವ ಅಕ್ಷರಗಳನ್ನು ಒಂದು ಪುಟ್ಟ ಪೆಟ್ಟಿಗೆ ಹಿಡಿಹಿಡಿಯಾಗಿ ಕಟ್ಟಿ, ಎರಡು ಸ್ವರಗಳ ಚಿಲಿಪಿಲಿಯನ್ನಾಗಿ ಮಾಡಿ ರೇಡಿಯೋಗೆ ಊಡುತ್ತದೆ. ಸೆಕೆಂಡಿಗೆ 1200 ಕಂಪನದ ಸ್ವರವೊಂದು, 2200ರದು ಇನ್ನೊಂದು. ಒಂದೊಂದು ಕಟ್ಟಿಗೂ ಪ್ಯಾಕೆಟ್ ಎಂದು ಹೆಸರು. ಹವ್ಯಾಸಿಗಳು ಇದನ್ನು ಕೆನಡಾದ ಮಾಂಟ್ರಿಯಲ್‌ನಲ್ಲಿ 1978ರಲ್ಲಿ ಆರಂಭಿಸಿದರು. ಪ್ರತಿ ಪ್ಯಾಕೆಟ್ಟಿನ ತಲೆಯಲ್ಲಿ ಯಾರಿಗೆ, ಯಾರಿಂದ, ಯಾರ ಮುಖಾಂತರ ಎಂಬ ವಿಳಾಸವಿರಬೇಕು. ನಮ್ಮ ಜಿಲ್ಲೆಗೆ ಈ ಪದ್ಧತಿ ಎರಡು ಸಾವಿರ ವರ್ಷಕ್ಕೂ ಹಳೆಯದು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕನ ಶಾಸನವನ್ನು ನೋಡಿರಿ: ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕ್ಷೇಮವನ್ನು ಕೇಳಿ ತಿಳಿಸುವುದೇನೆಂದರೆ ಎಂಬ ಅರ್ಥದ ಒಕ್ಕಣೆ ಮೊದಲು, ಚಕ್ರವರ್ತಿಯ ಮಾತು ಆಮೇಲೆ. ಕೊನೆಯಲ್ಲಿ ಬರೆದವನ ರುಜು ಬೇರೆ. ಚಪಡನೆಂಬ ಆ ಲಿಪಿಕಾರ ಶಾಸನವನ್ನೆಲ್ಲ ಬ್ರಾಹ್ಮಿಯಲ್ಲಿ ಬರೆದು, ‘ಲಿಪಿಕಾರನಿಂದ’ ಎಂಬ ಒಂದು ಮಾತನ್ನು ಮಾತ್ರ ವಾಯವ್ಯ ದೇಶದ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಊರು ಬಿಟ್ಟು ಬಂದವನಿಗೆ ತನ್ನ ಲಿಪಿಯ ಮೋಹ ಬಿಡುವುದಿಲ್ಲ. ಈ ಮಾತು ಆ ದಿನ ಮತ್ತೆ ಮತ್ತೆ ನನ್ನ ನೆನಪಿಗೆ ಬಂತು.

ಈ ಅಲೆಗಳು ಹೆಚ್ಚುಕಡಿಮೆ ಕಣ್ಣು ಹೋದಷ್ಟು ದೂರವೇ ಹೋಗುವಂಥವು. ಏರಿಯಲ್‌ನ ಎತ್ತರವನ್ನು ಮೀಟರಿನಲ್ಲಿ ಹಿಡಿದು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಬಯಲಿನಲ್ಲಿ ಅದರ ಹರವು ಕಿಲೋಮೀಟರಿನಲ್ಲಿ ಬರುತ್ತದೆ. ಮನೆಯ ಮೇಲಿನ 10 ಮೀಟರು ಎತ್ತರದ ಏರಿಯಲ್ಲಿಗೆ 13 ಕಿಲೋಮೀಟರು. ಬಯಲಿನಿಂದ 300 ಮೀಟರು ಮೇಲಿರುವ ಬೆಟ್ಟದ ನೆತ್ತಿಗೆ 71. ಹಕ್ಕಿಯ ದಾರಿಯಲ್ಲಿ ದುರ್ಗದಿಂದ ಹೊಳಲ್ಕೆರೆ ಮೂವತ್ತು ಚಿಲ್ಲರೆ, ಹಿರಿಯೂರು ನಲವತ್ತು, ಹೊಸದುರ್ಗ ಐವತ್ತರ ಒಳಗೆ. ಬೆಟ್ಟದ ಮೇಲೊಬ್ಬ ಮಧ್ಯಸ್ಥನಿದ್ದರೆ ನಾಲ್ಕೂ ಊರು ಕೈಗೆ ಸಿಕ್ಕವು. ಆದರೆ ಕೋಟೆ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ, ಜೋಗಿಮಟ್ಟಿ ಕಾಡಿನ ಇಲಾಖೆಯ ಸುಪರ್ದಿನಲ್ಲಿದೆ; ಕಂಬ ನೆಡುವ ಮಾತೇ ಇಲ್ಲ. ಮೇಷ್ಟ್ರ ಹಳೆಯ ಶಿಷ್ಯನೊಬ್ಬ, ಅವನೂ ಪರವಾನೆಯುಳ್ಳವನು, ಅನುಮತಿ ಪಡೆದು ಮೀನಿನ ಗಾಳದ ಕೋಲಿಗೆ ತಂತಿ ಸುತ್ತಿಕೊಂಡು ಬೆಳಗಿನ ಚಳಿಯಲ್ಲಿಯೇ ಜೋಗಿಮಟ್ಟಿಗೆ ಹೋಗಿ ಕುಳಿತ. ಕೇಳಿದ ಪ್ಯಾಕೆಟ್ಟನ್ನು ಮತ್ತೆ ಕೂಗುವುದು ಅವನ ಪೆಟ್ಟಿಗೆಯ ಕೆಲಸ.

ನಾವು ಮೋಟಾರಿನಲ್ಲಿ ಹಿರಿಯೂರಿನ ದಾರಿ ಹಿಡಿದೆವು. ಅಲ್ಲಿ ಮೇಷ್ಟ್ರ ಇನ್ನೊಬ್ಬ ಶಿಷ್ಯನ ಮನೆ. ತೇರುಮಲ್ಲೇಶ್ವರನ ದರ್ಶನ ಮಾಡಿಕೊಂಡು, ಅವರ ಮಾಳಿಗೆಯ ಮೇಲೆ ಸಾಮಗ್ರಿ ಹರಡಿದೆವು. ಕೀಲಿಮಣೆ ಮುಟ್ಟುವ ಹಕ್ಕು ನನಗಿರಲಿಲ್ಲ. ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪರವಾನೆ ಪಡೆದವರಿಗೆ ಮಾತ್ರ ಆ ಅಧಿಕಾರ. ಹನ್ನೆರಡು ತುಂಬಿದ ಹುಡುಗರೂ ಪರೀಕ್ಷೆಗೆ ಕೂಡಬಹುದೆಂದು ಮೇಷ್ಟ್ರು ನನ್ನನ್ನು ಚುಚ್ಚಿದರು. ಹವ್ಯಾಸಿಗಳ ಅಲೆಯಲ್ಲಿ ಗೂಢಲಿಪಿಯೂ ನಿಷಿದ್ಧ. ಹಾಗಾದರೆ ಗಣಕದ ಬಾಗಿಲಿನ ಗುಟ್ಟಿನ ಪದವನ್ನು ಊರಿಗೆಲ್ಲ ಕೇಳುವಂತೆ ಕೂಗುವುದೆಂತು? ಅದಕ್ಕೊಂದು ಹಳೆಯ ಜಾಣತನವಿದೆ. ಅಟ್ಟದ ಹಲಗೆ ಐದು ಅಂಕಿಗಳನ್ನು ಕಳಿಸುತ್ತದೆ. ಮೇಷ್ಟ್ರ ಜೇಬಿನ ಕಾಗದದಲ್ಲಿರುವ ಉದ್ದನೆಯ ಸಾಲಿನಿಂದ ಆಯಾ ಸ್ಥಾನದ ಐದು ಅಕ್ಷರಗಳನ್ನು ಹೆಕ್ಕಿ ಉತ್ತರಿಸಬೇಕು. ಕೇಳಿದವರಿಗೆ ಎಲ್ಲವೂ ಕೇಳುತ್ತದೆ, ಆದರೆ ಮುಂದಿನ ಸಲದ ಪ್ರಶ್ನೆ ಬೇರೆ.

ರೇಡಿಯೋ ಗರಗರನೆ ಕೆಮ್ಮಿತು. ಕೆಲವು ಕ್ಷಣ ಏನೂ ಇಲ್ಲ. ಆಮೇಲೆ ತೆರೆಯ ಮೇಲೆ ಒಂದು ಚುಕ್ಕೆ ಬಂತು. ಬರಿಯ ಚುಕ್ಕೆ. “ಅಪ್ಪಣೆಯಾಗಲಿ” ಎನ್ನುವುದಕ್ಕೆ ಆ ಯಂತ್ರದ ಪರಿಭಾಷೆ ಅಷ್ಟೆ. ನಲವತ್ತು ಕಿಲೋಮೀಟರು ದೂರದ ಅಟ್ಟದಿಂದ ಬೆಟ್ಟ ಹತ್ತಿ ಇಳಿದು ಬಂದ ಆ ಚುಕ್ಕೆಯನ್ನು ಕಂಡು ಮೇಷ್ಟ್ರು ಮಗು ಹೆಜ್ಜೆಯಿಟ್ಟಷ್ಟು ಹಿಗ್ಗಿದರು.

ತೊಡಕು ಕೂಡಲೇ ತಲೆಯೆತ್ತಿತು. ಈ ಯಂತ್ರಗಳಿಗೆ, ನಾವು ಒತ್ತಿದ ಪ್ರತಿಯೊಂದು ಅಕ್ಷರವನ್ನೂ ಮರುದನಿಯಾಗಿ ಹಿಂದಕ್ಕೆ ಕಳಿಸುವ ಚಾಳಿ. ಪಕ್ಕದ ಕೋಣೆಯಿಂದ ತಂತಿಯಲ್ಲಿ ಬಂದಾಗ ಅದು ತೊಂದರೆಯಲ್ಲ. ಗಾಳಿಯಲ್ಲಿ ಒಂದು ಅಕ್ಷರಕ್ಕೆ ವಿಳಾಸ, ಗುರುತು, ತಪ್ಪು ಹಿಡಿಯುವ ಲೆಕ್ಕ ಎಂದು ಇಪ್ಪತ್ತು ಅಕ್ಷರಗಳಷ್ಟು ಲಕೋಟೆ ಬೇಕಾಗುತ್ತದೆ. ಮರುದನಿಯನ್ನು ನಿಲ್ಲಿಸೆಂದು ಯಂತ್ರಕ್ಕೆ ಆಜ್ಞೆ ಕೊಟ್ಟು, ಇಡೀ ಸಾಲನ್ನು ಇಲ್ಲಿಯೇ ಬರೆದು ಮುಗಿಸಿ ಒಂದೇ ಕಟ್ಟಾಗಿ ಕಳಿಸಿದ ಮೇಲೆ ಸಂಭಾಷಣೆ ಹದಕ್ಕೆ ಬಂತು.

ಮಾರಿಕಣಿವೆಯಲ್ಲಿ ಒಂದು ಪ್ಯಾಕೆಟ್ಟೂ ದಾಟಲಿಲ್ಲ. ಅದರಲ್ಲಿ ಅಚ್ಚರಿಯಿಲ್ಲ. ವೇದಾವತಿಗೆ 1898ರಲ್ಲಿ ಅಣೆಕಟ್ಟು ಕಟ್ಟತೊಡಗಿ 1907ರಲ್ಲಿ ಮುಗಿಸಿದವರು ಈ ಜಾಗವನ್ನು ಆರಿಸಿದ್ದೇ ಎರಡು ಬೆಟ್ಟಗಳು ಇಲ್ಲಿ ಇಕ್ಕಟ್ಟಾಗಿ ಕೂಡುವುದರಿಂದ. ನೀರನ್ನು ತಡೆದ ಬೆಟ್ಟ ಅಲೆಯನ್ನೂ ತಡೆಯಿತು. ಮೇಷ್ಟ್ರು ಕೋಲನ್ನು ಎತ್ತಿ ಇಳಿಸಿ ಪಾಡುಪಡುತ್ತಿರಲು ನಾನು ಕಟ್ಟೆಯ ಮೇಲೆ ನಿಂತು ನೀರು ನೋಡಿದೆ. 1933ರಲ್ಲಿ ಒಮ್ಮೆ 130 ಅಡಿಯ ಪೂರ್ಣಮಟ್ಟ ಮುಟ್ಟಿದ ಈ ಸಾಗರ ಮತ್ತೆ ತುಂಬಲು 2022ರವರೆಗೆ ಕಾಯಬೇಕಾಯಿತು. ಎಂಬತ್ತೊಂಬತ್ತು ವರ್ಷ! ಈ ಸೀಮೆಯ ಜನಕ್ಕೆ ಸರದಿ ಕಾಯುವುದನ್ನು ಯಾರೂ ಕಲಿಸಬೇಕಾಗಿಲ್ಲ.

ಹೊಸದುರ್ಗದ ಹಾದಿಯಲ್ಲಿ ಗುಡ್ಡಗುಡ್ಡಕ್ಕೂ ಗಾಳಿಯಂತ್ರಗಳು ತೋಳು ಬೀಸುತ್ತಿದ್ದವು. ಊರಿನ ಹೊರಗೆ ದಿಣ್ಣೆಯೊಂದರ ಮೇಲೆ ನಿಂತಾಗ ಜೋಗಿಮಟ್ಟಿ ಮತ್ತೆ ಸಿಕ್ಕಿತು. ಮೇಷ್ಟ್ರು ಕಡತವೊಂದನ್ನು ತರಿಸಿದರು. ತೆರೆಯ ಒಂದು ಪುಟಕ್ಕೆ ಇಪ್ಪತ್ತನಾಲ್ಕು ಸಾಲು, ಸಾಲಿಗೆ ಎಂಬತ್ತು ಅಕ್ಷರ. ಸೆಕೆಂಡಿಗೆ 1200 ಬಿಟ್‌ಗಳ ವೇಗದಲ್ಲಿ ಅದಕ್ಕೆ ಹದಿಮೂರು ಸೆಕೆಂಡು ಬೇಕು. ಬೆಟ್ಟದವನು ಅದನ್ನು ಅದೇ ಅಲೆಯಲ್ಲಿ ಮತ್ತೊಮ್ಮೆ ಕೂಗಬೇಕಾದ್ದರಿಂದ ಇಪ್ಪತ್ತಾರು. ನಡುವಣ ಸ್ವೀಕೃತಿ, ವಿರಾಮ ಬೇರೆ. ಮಂಡಕ್ಕಿ ಮೆಣಸಿನಕಾಯಿಯ ಪೊಟ್ಟಣ ಅರ್ಧ ಖಾಲಿಯಾಗುವುದರೊಳಗೆ ಪುಟ ಬಂತು. ಮೊಬೈಲಿನಲ್ಲಿ ಕಣ್ಣು ಮಿಟುಕಿಸುವುದರೊಳಗೆ ಬರುತ್ತಿತ್ತಲ್ಲ ಎಂದೆ. “ಬರುತ್ತಿತ್ತು, ಗೋಪುರ ನಿಂತಿರುವವರೆಗೆ,” ಎಂದು ಮೇಷ್ಟ್ರು 2004ರ ಸುನಾಮಿಯನ್ನು ನೆನಪಿಸಿದರು. ಆಗ ಅಂಡಮಾನಿನಲ್ಲಿದ್ದ ಹವ್ಯಾಸಿಗಳೇ ತಮ್ಮ ರೇಡಿಯೋಗಳಿಂದ ಸುದ್ದಿ ಸಾಗಿಸಿದ್ದರು.

ಹೊಳಲ್ಕೆರೆ ತಲುಪುವಾಗ ಹೊತ್ತು ಇಳಿದಿತ್ತು. ಹಳಗನ್ನಡದ ‘ಪೊೞಲ್’, ಎಂದರೆ ಪಟ್ಟಣ, ಈ ಊರಿನ ಹೆಸರಿನಲ್ಲಿ ಇನ್ನೂ ಉಸಿರಾಡುತ್ತಿದೆ. ಬಯಲು ಗಣಪತಿಗೆ ಕೈಮುಗಿದು ಕೆಲಸಕ್ಕೆ ತೊಡಗಿದೆವು. ಅದೇ ಹೊತ್ತಿಗೆ ಹಿರಿಯೂರಿನ ಶಿಷ್ಯನೂ ಯಂತ್ರದೊಳಗೆ ಬಂದ. ಈಗ ನಿಜವಾದ ಪರೀಕ್ಷೆ. ಮಾತಾಡುವ ಮುನ್ನ ಅಲೆ ಖಾಲಿಯಿದೆಯೇ ಎಂದು ಪೆಟ್ಟಿಗೆ ಕಿವಿಗೊಟ್ಟು ಕೇಳುತ್ತದೆ. ಆದರೆ ನಡುವೆ ಬೆಟ್ಟವಿರುವುದರಿಂದ ನಮಗೆ ಹಿರಿಯೂರು ಕೇಳದು, ಹಿರಿಯೂರಿಗೆ ನಾವು ಕೇಳೆವು. ಇಬ್ಬರೂ ಖಾಲಿಯೆಂದು ಬಗೆದು ಒಟ್ಟಿಗೆ ಬಾಯಿ ತೆರೆದರೆ ಬೆಟ್ಟದವನಿಗೆ ಎರಡೂ ತಿಳಿಯದು. ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್‌ಸನ್ ದ್ವೀಪದಿಂದ ದ್ವೀಪಕ್ಕೆ ರೇಡಿಯೋ ಹಾಯಿಸಿ ಇಂಥದೇ ಹಂಚಿಕೆಯ ಗಣಕವನ್ನು 1971ರಲ್ಲಿ ತಲುಪಿದಾಗಲೂ ಈ ಡಿಕ್ಕಿಯ ಪ್ರಶ್ನೆಯೇ ಎದುರಾಗಿತ್ತು. ಯಾರೂ ಯಾರನ್ನೂ ಕೇಳದೆ ಮನಬಂದಾಗ ಕೂಗಿ, ಡಿಕ್ಕಿಯಾದರೆ ತಮತಮಗೆ ತೋಚಿದಷ್ಟು ಹೊತ್ತು ಸುಮ್ಮನಿದ್ದು ಮತ್ತೆ ಕೂಗುವುದು ಅವರ ನಿಯಮ. ಆ ಲೆಕ್ಕದಲ್ಲಿ ದಾರಿಯ ನೂರರಲ್ಲಿ ಹದಿನೆಂಟು ಪಾಲು ಮಾತ್ರ ಕೆಲಸಕ್ಕೆ ಬರುತ್ತದೆ. ನಮಗೂ ಪ್ಯಾಕೆಟ್ಟುಗಳು ಮೂರು ಸಲ, ನಾಲ್ಕು ಸಲ ಹೋಗಬೇಕಾದವು, ಆದರೂ ಹೋದವು.

ಹಿರಿಯೂರಿನ ಹುಡುಗ ಬರೆದುದು ಕನ್ನಡವನ್ನೇ, ಆದರೆ ಆಂಗ್ಲದ ದೊಡ್ಡಕ್ಷರಗಳಲ್ಲಿ. ಅಜ್ಜಿಯ ಮನೆಯಲ್ಲಿ ‘ಹಳ್ಳಿ’ ನೋಡಿ ತನ್ನ ಮಗು ಅತ್ತಿತೆಂದೋ ‘ಹಲ್ಲಿ’ ನೋಡಿ ಅತ್ತಿತೆಂದೋ ನನಗೆ ತಿಳಿಯಲಿಲ್ಲ. ಕಣ್ಣಿಗೆ ಎರಡೂ ಒಂದೇ. ನನ್ನ ಬೆಳಗಿನ ಪ್ರಶ್ನೆಗೆ ಉತ್ತರ ಸಿಕ್ಕಿತು: ಯಂತ್ರಕ್ಕೆ ಕನ್ನಡ ಬಾರದು. ಮೂವತ್ತಾರು ಬಿಟ್‌ಗಳ ಒಂದು ಪದದಲ್ಲಿ ಏಳೇಳು ಬಿಟ್‌ಗಳ ಐದು ಅಕ್ಷರಗಳನ್ನು ಹಿಡಿಸುವ ಯಂತ್ರ ಅದು. ಇಂದಿನ ಗಣಕಗಳು ಕನ್ನಡದ ಒಂದೊಂದು ಚಿಹ್ನೆಗೂ ಎಂಟೆಂಟು ಬಿಟ್‌ಗಳ ಮೂರು ಮನೆ ಕೊಡುತ್ತವೆ. ‘ದುರ್ಗ’ ಎಂದು ಬರೆಯಲು ಹದಿನೈದು ಮನೆ ಬೇಕು. ಅಷ್ಟು ಧಾರಾಳ ಅದಕ್ಕೆ ಗೊತ್ತಿಲ್ಲ.

ಹಿಂದಿರುಗುವ ದಾರಿಯಲ್ಲಿ ನಾನು ಸುಮ್ಮನಿರಲಿಲ್ಲ. ಏಳು ಬಿಟ್‌ಗಳಲ್ಲಿ ಅಚ್ಚಾಗಬಲ್ಲ ಚಿಹ್ನೆಗಳೆಷ್ಟೆಂದು ಕೇಳಿದೆ. ತೊಂಬತ್ತೈದು ಎಂದರು ಮೇಷ್ಟ್ರು. ಆಜ್ಞೆ ಕೊಡಲು ಆಂಗ್ಲದ ದೊಡ್ಡಕ್ಷರ ಇಪ್ಪತ್ತಾರು, ಅಂಕಿ ಹತ್ತು, ತೆರಪು ಮತ್ತು ಲೇಖನಚಿಹ್ನೆಗಳಿಗೆ ಹತ್ತು ಎಂದು ಕಳೆದರೆ ಉಳಿಯುವುದು ನಲವತ್ತೊಂಬತ್ತು. ನಮ್ಮ ವರ್ಣಮಾಲೆಯೂ ಅಷ್ಟೆ! ಕಾಗುಣಿತಕ್ಕೂ ಒತ್ತಿಗೂ ಬೇರೆ ಮನೆ ಬೇಕಿಲ್ಲ. ವ್ಯಾಕರಣದ ತರಗತಿಯಲ್ಲಿ ಬಿಡಿಸುವಂತೆ ಸ್ವರ, ವ್ಯಂಜನಗಳನ್ನು ಬಿಡಿಬಿಡಿಯಾಗಿ ಬರೆದು, ಕೂಡಿಸಿ ತೋರಿಸುವ ಕೆಲಸವನ್ನು ಹೊಸ ಹಲಗೆಗೆ ವಹಿಸಿದರಾಯಿತು. ಮೇಷ್ಟ್ರು ಮೋಟಾರನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿಯೇಬಿಟ್ಟರು.

ಮರುವಾರ ಕೋಷ್ಟಕವನ್ನು ಬರೆದು ಕೊಟ್ಟೆ. ಮೊದಲು ಬರೆಸಿದ್ದು ‘ದುರ್ಗ’. ದ್, ಉ, ರ್, ಗ್, ಅ: ಐದೇ ವರ್ಣ. ಹಳೆಯ ಯಂತ್ರದ ಒಂದು ಪದದೊಳಗೆ ಅದು ಸರಿಯಾಗಿ ಕುಳಿತು, ಒಂದು ಬಿಟ್ ಮಿಕ್ಕಿತು.