ಎಂಬಿಎ ಅರ್ಜಿಗೆ ಗೂಡಿನ ಲೆಕ್ಕದ ಪುಸ್ತಕ

ನಮ್ಮ ಕಡೆ ಹುಡುಗ ಹುಡುಗಿಯರು ಬಿಕಾಂ, ಬಿಬಿಎ ಮುಗಿಸುವ ಹೊತ್ತಿಗೆ ನಮಗೆ ಬರುವ ಪ್ರಶ್ನೆ ಒಂದೇ: "ಎಂಬಿಎಗೆ ಹಾಕಬೇಕು ಅಣ್ಣಾ, ನಮ್ಮ ಬಗ್ಗೆ ಏನು ಬರೆಯೋದು?"

ಮೊದಲು ಎರಡು ದಾರಿ ಬೇರೆ ಮಾಡಿಕೊಳ್ಳಿ. ಪಿಜಿಸಿಇಟಿ ಮೂಲಕ ಸರ್ಕಾರಿ ಸೀಟು ಹಿಡಿಯುವವರಿಗೆ ರ‍್ಯಾಂಕೇ ಮುಖ್ಯ, ಅಲ್ಲಿ ನಿಮ್ಮ ಕಥೆ ಯಾರೂ ಕೇಳುವುದಿಲ್ಲ. ಬನ್ನೇರುಘಟ್ಟ ರಸ್ತೆಯ ಐಐಎಂನಂಥ ಕಡೆ ಹಾಗಲ್ಲ. 1973ರಲ್ಲಿ ಶುರುವಾದ ಆ ಸಂಸ್ಥೆ ರಾಮನಗರದಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರವಿದೆ, ಆದರೆ ಒಳಗೆ ಹೋಗುವ ಸಾಲು ಬಲು ಉದ್ದ. 2023ರಲ್ಲಿ ಕ್ಯಾಟ್ ಬರೆದವರು ಸುಮಾರು 2.88 ಲಕ್ಷ ಮಂದಿ. ಕ್ಯಾಟ್ ಜೊತೆಗೆ ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ ಅಂಕ, ಕೆಲಸದ ಅನುಭವ ಎಲ್ಲ ನೋಡುತ್ತಾರೆ. ಆಮೇಲೆ ಬರಹದ ಪರೀಕ್ಷೆ, ಸಂದರ್ಶನ. ಹಳೇ ಅಂಕ ಬದಲಾಗುವುದಿಲ್ಲ. ನಮ್ಮ ಕೈಲಿರುವುದು ಕ್ಯಾಟ್ ತಯಾರಿ ಮತ್ತು ನಮ್ಮ ಬಗ್ಗೆ ನಾವು ಆಡುವ ಮಾತು.

ಆ ಮಾತಿನಲ್ಲೇ ನಮ್ಮವರು ಹಿಂದೆ ಬೀಳುವುದನ್ನು ನೋಡಿದ್ದೇವೆ. ಕನಕಪುರ ಕಡೆಯ ರೇಷ್ಮೆ ಬೆಳೆಗಾರರ ಮನೆಯ ಹುಡುಗಿಯೊಬ್ಬಳು ತನ್ನ ಪರಿಚಯ ಬರೆದು ತಂದಿದ್ದಳು. "ನನಗೆ ನಾಯಕತ್ವದ ಗುಣವಿದೆ, ಕಷ್ಟಪಟ್ಟು ದುಡಿಯುತ್ತೇನೆ" ಎಂದಿತ್ತು. ಇದನ್ನು ಯಾರು ಬೇಕಾದರೂ ಬರೆಯಬಹುದು. ಮನೆಯಲ್ಲಿ ಏನು ಮಾಡ್ತೀಯಮ್ಮ ಅಂದೆವು. "ಏನಿಲ್ಲ, ಅಪ್ಪನ ಜೊತೆ ರಾಮನಗರ ಮಾರ್ಕೆಟ್ಟಿಗೆ ಗೂಡು ತಗೊಂಡು ಹೋಗ್ತೀನಿ, ಲೆಕ್ಕ ಬರೀತೀನಿ" ಅಂದಳು.

ಆ ಪುಸ್ತಕ ತರಿಸಿ ನೋಡಿದೆವು. ಚಾಕಿ ಹುಳ ತಂದ ದಿನ, ಸೊಪ್ಪಿನ ಖರ್ಚು, ಕೂಲಿ, ಹರಾಜಿನಲ್ಲಿ ನಿಂತ ರೇಟು, ನಾಲ್ಕು ವರ್ಷದ್ದು ಇತ್ತು. ಮಿಶ್ರತಳಿಯ ಹಳದಿ ಗೂಡು ಬಿಟ್ಟು ದ್ವಿತಳಿಯ ಬಿಳಿ ಗೂಡು ಬೆಳೆಯೋಣ ಎಂದು ಲೆಕ್ಕ ತೋರಿಸಿ ಅಪ್ಪನನ್ನು ಒಪ್ಪಿಸಿದವಳೂ ಅವಳೇ. ನಾಯಕತ್ವ ಅಂದರೆ ಇದೇ ಅಲ್ಲವೇ? ಅದನ್ನೇ ಬರೆಯಲು ಹೇಳಿದೆವು.

ಚನ್ನಪಟ್ಟಣದಲ್ಲಿ ಬೊಂಬೆ ಅಂಗಡಿ ನೋಡಿಕೊಂಡವರು, ಮಾಗಡಿ ಕಡೆ ಡೇರಿಯಲ್ಲಿ ಫ್ಯಾಟು ನೋಡಿ ಹಾಲಿನ ಲೆಕ್ಕ ಬರೆದವರು, ನಿಮ್ಮ ಹತ್ತಿರವೂ ಇಂಥದ್ದು ಇದ್ದೇ ಇರುತ್ತದೆ. ಆದರೆ ಮನೆಯ ಕೆಲಸವನ್ನು ಕಂಪನಿ ಅನುಭವ ಅಂತ ತುಂಬಬೇಡಿ, ದಾಖಲೆ ಕೇಳುತ್ತಾರೆ. ಬರೆದದ್ದರ ಬೇರು ತಿಳಿದಿರಲಿ. ಮಳೆಗಾಲದ ಗೂಡಿನಲ್ಲಿ ನೂಲು ಸಲೀಸಾಗಿ ಯಾಕೆ ಬಿಚ್ಚುವುದಿಲ್ಲ, ದ್ವಿತಳಿಗೆ ಹೆಚ್ಚು ಬೆಲೆ ಯಾಕೆ ಎಂದು ಕೇಳಿದರೆ ತಡವರಿಸಬಾರದು.

ಇನ್ನೊಂದು ಮಾತು. ಐಐಎಂಗಳಲ್ಲಿ ಹಿಂದುಳಿದ ವರ್ಗದ ಮೀಸಲಾತಿಗೆ ರಾಜ್ಯದ 2ಎ, 3ಎ ಪತ್ರ ನಡೆಯುವುದಿಲ್ಲ. ಕೇಂದ್ರದ ಪಟ್ಟಿಯಲ್ಲಿ ನಿಮ್ಮ ಜಾತಿ ಇದೆಯೇ ನೋಡಿ, ಕೇಂದ್ರದ ನಮೂನೆಯಲ್ಲೇ ಪತ್ರ ಮಾಡಿಸಿ.

ಆ ಹುಡುಗಿಗೆ ಬೆಂಗಳೂರು ಐಐಎಂನಿಂದ ಕರೆ ಬರಲಿಲ್ಲ, ಕ್ಯಾಟ್ ಅಂಕ ಸಾಲಲಿಲ್ಲ. ಕಥೆ ಎಷ್ಟೇ ಚೆನ್ನಾಗಿದ್ದರೂ ಅದು ಲೆಕ್ಕಕ್ಕೆ ಬರುವುದು ಕರೆ ಬಂದ ಮೇಲೆ. ಕರೆದ ಬೇರೊಂದು ಕಾಲೇಜಿನವರು ಅರ್ಧ ಹೊತ್ತು ಗೂಡಿನ ಬಗ್ಗೆಯೇ ಕೇಳಿದರಂತೆ. ಸೀಟು ಸಿಕ್ಕಿತು. ಜಮೀನು ಮಾರಬೇಕಾಗುತ್ತೇನೋ ಎಂದು ಹೆದರಿದ್ದ ಅಪ್ಪ ಈಗ ಶಿಕ್ಷಣ ಸಾಲದ ಕಂತು, ಬಡ್ಡಿ ಎಷ್ಟಾಗುತ್ತದೆಂದು ಮಗಳಿಂದಲೇ ಬರೆಸಿಕೊಂಡಿದ್ದಾರೆ.

ನಿಮ್ಮ ಮನೆಯಲ್ಲಿ ಅಂಥ ಪುಸ್ತಕ ಇಲ್ಲದಿದ್ದರೆ, ಈ ಬೆಳೆಯಿಂದಲೇ ಬರೆಯಲು ಶುರು ಮಾಡಿ.