ಸೋದರಳಿಯನ ಓಟದ ಕಾರು

ವಿಮೆಯ ಕಚೇರಿಯೊಂದರಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದವನಿಗೆ ಬಂಧುಗಳಲ್ಲಿ ಒಂದು ಬಗೆಯ ಗೌರವವುಂಟು. ಮದುವೆಗೆ ಕರೆಯಲು ಮರೆತವರೂ ಕಾರಿಗೆ ಪೆಟ್ಟು ಬಿದ್ದ ದಿನ ಅವನನ್ನು ಜ್ಞಾಪಿಸಿಕೊಳ್ಳುತ್ತಾರೆ. ಕಳೆದ ಆಷಾಢದಲ್ಲಿ ನನ್ನನ್ನು ಹೀಗೆ ಜ್ಞಾಪಿಸಿಕೊಂಡು ಬೆಂಗಳೂರಿನಿಂದ ಬಂದವನು ನನ್ನ ಸೋದರಳಿಯ. ಅವನು ಮೂರು ವರ್ಷ ಓಡಿದ ಪೋರ್ಷೆ ೯೧೧ ಎಂಬ ಜರ್ಮನಿಯ ಕಾರನ್ನು ಕೊಂಡಿದ್ದನು. ಆಷಾಢವೆಂದು ಬೆಲೆ ಕೊಂಚ ಇಳಿದಿತ್ತಂತೆ!

ದೇವಸ್ಥಾನದ ಮುಂದಿನ ಉಬ್ಬಿಗೆ ಹೊಟ್ಟೆಯನ್ನು ತೀಡಿಕೊಂಡು ಆ ಕಾರು ನಮ್ಮ ಬೀದಿಗೆ ಬಂದಾಗ ಕೇರಿಯ ಹುಡುಗರೆಲ್ಲ ಅದರ ಸುತ್ತ ನೆರೆದರು. ಸೋದರಳಿಯನು ಜಗಲಿಯ ಮೇಲೆ ಕುಳಿತು ಕಾಗದಗಳ ಕಟ್ಟನ್ನು ಬಿಚ್ಚಿದನು. “ಮಾವ, ವಿಮೆಯವರು ಕೇಳುವ ಹಣಕ್ಕೆ ಇನ್ನೊಂದು ಹಳೆಯ ಕಾರೇ ಬರುತ್ತದೆ. ಕಡಮೆಯಲ್ಲಿ ಆಗುವಂತೆ ಏನಾದರೂ ದಾರಿ ತೋರಿಸಿ” ಎಂದನು.

ನಾಲ್ಕು ಕಂಪನಿಗಳು ದರ ಹೇಳಿದ್ದವು. ಅತಿ ಕಡಮೆಯದು ಒಂದೂ ಮುಕ್ಕಾಲು ಲಕ್ಷ ರೂಪಾಯಿ; ಅತಿ ಹೆಚ್ಚಿನದು ಅದರ ಇಮ್ಮಡಿಗೆ ಹತ್ತಿರ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಇಂಥ ಕಾರಿನ ಬಾಗಿಲೊಂದು ನುಗ್ಗಾದರೂ ಬೇಕಾದ ಭಾಗವು ಕಡಲು ದಾಟಿ, ಸುಂಕ ತೆತ್ತು ಬರಬೇಕು. ಅದರ ಮೇಲೆ ಕೈಯಿಡಬಲ್ಲ ಕಾರ್ಖಾನೆಗಳು ಕೆಲವೇ. ವಿಮೆಯೆಂಬುದು ಒಬ್ಬನ ನಷ್ಟವನ್ನು ಹಲವರು ಹಂಚಿಕೊಳ್ಳುವ ಏರ್ಪಾಡು. ಹಲವರೇ ಇಲ್ಲದ ಕಡೆ ಪಾಲು ಭಾರವಾಗುವುದು ಸಹಜ. ಲೆಕ್ಕಕ್ಕೆ ಆಧಾರ ಕಡಮೆಯಾದುದರಿಂದ ಒಂದೊಂದು ಕಂಪನಿಯ ಊಹೆಯೂ ಒಂದೊಂದು ಬಗೆ. ಆದುದರಿಂದ ನಾಲ್ಕು ಬಾಗಿಲುಗಳನ್ನು ತಟ್ಟಿದ್ದು ಸರಿ, ಇನ್ನೂ ನಾಲ್ಕನ್ನು ತಟ್ಟು ಎಂದೆ.

ಏಜೆಂಟನೊಬ್ಬನು, ಕಾರಿನ ಬೆಲೆಯನ್ನೇ ಇಳಿಸಿ ಬರೆಯಿಸಿದರೆ ಪ್ರೀಮಿಯಂ ತಾನೇ ಇಳಿಯುವುದೆಂದು ಅವನಿಗೆ ಉಪದೇಶಿಸಿದ್ದನು. ಇಳಿಯುವುದು ನಿಜ, ಆದರೆ ಕಾರು ಕಳುವಾದ ದಿನ ಕೈಗೆ ಬರುವುದೂ ಆ ಇಳಿದ ಬೆಲೆಯೇ. ನಾನು ಹೇಳಿದ ದಾರಿ ಬೇರೆ. ಅವನು ಮಾರಿದ ಸಣ್ಣ ಕಾರಿಗೆ ಐದು ವರ್ಷ ಒಂದು ಕ್ಲೇಮನ್ನೂ ಮಾಡಿರಲಿಲ್ಲ. ನೋ ಕ್ಲೇಮ್ ಬೋನಸ್ಸು ಸಲ್ಲುವುದು ಕಾರಿಗಲ್ಲ, ಒಡೆಯನಿಗೆ. ಹಳೆಯ ಕಂಪನಿಯಿಂದ ಅದರ ಪತ್ರವನ್ನು ತಂದರೆ ಹೊಸ ಕಾರಿನ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ನೂರಕ್ಕೆ ೫೦ರಷ್ಟು ಇಳಿಯುತ್ತದೆ. ಸಣ್ಣಪುಟ್ಟ ಗೀರುಗಳ ವೆಚ್ಚವನ್ನು ತಾನೇ ಹೊರುವೆನೆಂದು ಒಪ್ಪಿದರೆ ಇನ್ನಷ್ಟು ಇಳಿಯುತ್ತದೆ. ಆದರೆ ಎಂಜಿನ್ ರಕ್ಷಣೆಯ ಹೆಚ್ಚಿನ ಹಣವನ್ನು ಮಾತ್ರ ಉಳಿಸಬಾರದು. ನೀರು ನುಗ್ಗಿ ಕೆಟ್ಟ ಎಂಜಿನ್ನಿಗೆ ಸಾಧಾರಣ ಪಾಲಿಸಿ ಹಣ ಕೊಡುವುದಿಲ್ಲ. ೨೦೨೨ರ ಮಳೆಯಲ್ಲಿ ಬೆಂಗಳೂರಿನ ಸಿರಿವಂತರ ಬಡಾವಣೆಗಳಲ್ಲಿ ಎಂಥೆಂಥ ಕಾರುಗಳು ಮುಳುಗಿ ನಿಂತುವೆಂಬುದನ್ನು ಎಲ್ಲರೂ ಕಂಡಿದ್ದಾರೆ.

ಸೋದರಳಿಯನು ಸಂತೋಷಪಟ್ಟನು. ಒಂದು ಸಾಲಿನ ಮೇಲೆ ಬೆರಳಿಟ್ಟು ನಕ್ಕನು: “ಇದನ್ನು ನೋಡಿ ಮಾವ, ಥರ್ಡ್ ಪಾರ್ಟಿಗೆ ೭,೮೯೭ ರೂಪಾಯಿ. ಇಷ್ಟರಲ್ಲಿ ಇದೊಂದೇ ಅಗ್ಗ!”

೨೦೨೨ರ ಜೂನ್ ೧ರಿಂದ ಜಾರಿಗೆ ಬಂದ ದರವದು. ೧೫೦೦ ಸಿಸಿಗಿಂತ ದೊಡ್ಡ ಎಂಜಿನ್ನಿನ ಸ್ವಂತ ಕಾರುಗಳಿಗೆಲ್ಲ, ಮೇಷ್ಟರ ಕಾರಿಗೂ ಕೋಟ್ಯಧೀಶನ ಕಾರಿಗೂ, ಒಂದೇ. ನಾನು ಉತ್ತರ ಹೇಳುವ ಮೊದಲು ಹಳೆಯ ಒಡೆಯನ ಪಾಲಿಸಿಯನ್ನು ತಿರುವಿದೆ. ಅದರ ಅವಧಿ ಮುಗಿದು ಒಂಬತ್ತು ದಿನಗಳಾಗಿದ್ದುವು.

“ಅಯ್ಯಾ, ಈ ಒಂಬತ್ತು ದಿನವೂ ಕಾರನ್ನು ಓಡಿಸಿದೆಯಾ?”

“ಚೌಕಾಸಿ ನಡೆದಿತ್ತಲ್ಲ ಮಾವ. ಜೋಪಾನವಾಗಿಯೇ ಓಡಿಸಿದೆ.”

ಅವನ ತಾತ, ಎಂದರೆ ನನ್ನ ತಂದೆ, ಕಾಲವಾದುದು ೧೯೭೨ರಲ್ಲಿ. ಅಪಘಾತವೆಂದಷ್ಟೇ ಅವನಿಗೆ ಗೊತ್ತು. ಉಳಿದುದನ್ನು ಅಂದು ಹೇಳಿದೆ. ಕೆರೆಯ ಏರಿಯ ಮೇಲೆ ಸೈಕಲ್ಲಿನಲ್ಲಿ ಬರುತ್ತಿದ್ದ ಅವರಿಗೆ ಒಂದು ಲಾರಿ ಬಡಿಯಿತು. ಅದಕ್ಕೆ ವಿಮೆಯಿರಲಿಲ್ಲ. ನ್ಯಾಯಾಲಯದಲ್ಲಿ ತೀರ್ಪು ನಮ್ಮ ಕಡೆಗಾಯಿತು. ಹಣ ಮಾತ್ರ ಬರಲಿಲ್ಲ. ಲಾರಿಯ ಒಡೆಯನು ಅದನ್ನು ಮಾರಿ ಊರು ಬಿಟ್ಟಿದ್ದನು. ನಮ್ಮ ತಾಯಿ ಕೈಬಳೆಗಳನ್ನು ಮಾರಿದರು, ಆಮೇಲೆ ಗದ್ದೆಯನ್ನು ಮಾರಿದರು. ನಾನು ಓದು ನಿಲ್ಲಿಸಿ ಸಂಬಳಕ್ಕೆ ಸೇರಿದೆ. ಅವರ ಆ ಬರಿಗೈಗಳನ್ನು ನಾನು ಇಂದಿಗೂ ಮರೆತಿಲ್ಲ. ಆ ಒಡೆಯನೂ ತಾನು ಜೋಪಾನವಾಗಿ ಓಡಿಸುವವನೆಂದೇ ನಂಬಿದ್ದಿರಬೇಕು.

ಸೋದರಳಿಯನು ಬಹಳ ಹೊತ್ತು ಮಾತನಾಡಲಿಲ್ಲ.

ಲಕ್ಷಗಳ ಲೆಕ್ಕವೆಲ್ಲ ನಮ್ಮ ಮೋಹದ ಬೆಲೆ. ಅದರಲ್ಲಿ ಚೌಕಾಸಿ ಮಾಡಬಹುದು, ಒಂದಿಷ್ಟು ನಷ್ಟವನ್ನು ನಾವೇ ಹೊರಬಹುದು. ಕಾರು ಹೋದರೆ ಕಾರು ಹೋಯಿತು. ಆ ೭,೮೯೭ ರೂಪಾಯಿ ಮಾತ್ರ ನಮಗಾಗಿ ಕೊಡುವುದಲ್ಲ. ನಮ್ಮ ಚಕ್ರಕ್ಕೆ ಸಿಕ್ಕಬಹುದಾದ, ನಾವು ಮುಖವನ್ನೇ ಕಾಣದ ಒಬ್ಬ ದಾರಿಹೋಕನ ಮನೆಗೆ ಅದು ಆಸರೆ. ಅವನು ಸತ್ತರೆ ನ್ಯಾಯಾಲಯವು ವಿಧಿಸುವ ಪರಿಹಾರಕ್ಕೆ ಪಾಲಿಸಿಯಲ್ಲಿ ಮಿತಿಯಿಲ್ಲ. ೧೯೮೮ರ ಮೋಟಾರು ವಾಹನ ಕಾಯಿದೆಯು ಕಡ್ಡಾಯ ಮಾಡಿರುವುದು ಈ ವಿಮೆಯನ್ನೇ, ಕಾರಿನ ವಿಮೆಯನ್ನಲ್ಲ. ಲಕ್ಷಾಂತರ ಜನ ಪಾಲುಗಾರರಾದುದರಿಂದಲೇ ಅದು ಅಗ್ಗವಾಗಿದೆ.

ಕಾರು ಎರಡು ದಿನ ನಮ್ಮ ಹಿತ್ತಲಿನ ಹಲಸಿನ ಮರದ ಕೆಳಗೆ ನಿಂತಿತ್ತು. ಕಂಪನಿಯವನು ಬಂದು ತಪಾಸಣೆ ಮಾಡಿ, ಹಣ ಸಂದು, ಪಾಲಿಸಿ ಕೈಸೇರಿದ ಮೇಲೆಯೇ ಸೋದರಳಿಯನು ಬೀಗದ ಕೈಯನ್ನು ಮುಟ್ಟಿದನು. ಒಟ್ಟು ಹಣ ಮೊದಲ ಅಂದಾಜಿಗಿಂತ ಬಹಳ ಕಡಮೆಯೇ ಆಯಿತು. ಹೊರಡುವಾಗ ಅವನು ಆ ವಿಷಯವನ್ನು ಎತ್ತಲಿಲ್ಲ. ಕೆರೆಯ ಏರಿಯ ದಾರಿ ಯಾವುದೆಂದು ಕೇಳಿದನು, ತೋರಿಸಿದೆ. ಓಟಕ್ಕೆಂದು ಹುಟ್ಟಿದ ಆ ಕಾರು ಏರಿಯ ಮೇಲೆ ಎತ್ತಿನ ಗಾಡಿಯಂತೆ ಮೆಲ್ಲನೆ ಹೋದುದನ್ನು ನಾನು ಮನೆಯ ಬಾಗಿಲಲ್ಲಿ ನಿಂತು ನೋಡಿದೆ.